ಮಿರುಂಡಿಯ ಹೆಸರು ಕೂಗಿದವಳು

ನಮ್ಮಲ್ಲಿ ಸತ್ತವರ ಹೆಸರು ಹೇಳುವುದಿಲ್ಲ. ಹೇಳಿದರೆ ಹೊರಟ ಜೀವ ತಿರುಗಿ ನೋಡುತ್ತದೆ, ಹೋಗಬೇಕಾದ ಕಡೆ ಹೋಗದೆ ನಮ್ಮ ಬೆಂಕಿಯ ಸುತ್ತಲೇ ಸುಳಿದಾಡುತ್ತದೆ. ನನ್ನ ಅವ್ವ ಹಾಗೆಂದಳು, ಅವಳ ಅವ್ವ ಹಾಗೆಂದಳು, ನಾನೂ ಅದನ್ನು ಅಲ್ಲಗಳೆಯುವವಳಲ್ಲ. ಆದರೂ ಹೇಳುತ್ತೇನೆ. ನನ್ನ ಅಕ್ಕನ ಹೆಸರು ವಾಲಿಂಜ. ಈ ಮಾತು ಶುರುಮಾಡಿದಾಗಲೆಲ್ಲ ಹಟ್ಟಿಯಲ್ಲಿ ಯಾರಾದರೊಬ್ಬರು ಮುಖ ಸಿಂಡರಿಸಿಕೊಂಡು ಎದ್ದು ಹೋಗುತ್ತಾರೆ. ಹೋಗಲಿ. ಕೇಳುವವರು ಕೂತುಕೊಳ್ಳಿ.

ಬಿಳಿಯರ ಬಾಯಲ್ಲಿ ಅವಳು ಟಾಪ್ಸಿ, ನಾನು ಜೂಡಿ. ಡನ್ಲೀ ದನದ ದೊಡ್ಡಿಯ ದೊರೆ ಕೆಂಪುಗಡ್ಡ ನಮಗೆಲ್ಲ ಹೀಗೆ ಹೆಸರು ಹಂಚಿದ್ದ. ಅವನ ಒಂದು ಕುದುರೆಗೂ ಟಾಪ್ಸಿ ಎಂದೇ ಹೆಸರು. ಅವನು ಟಾಪ್ಸಿ ಎಂದು ಅರಚಿದರೆ ಅಕ್ಕ ಅಲ್ಲಾಡುತ್ತಿರಲಿಲ್ಲ. “ಕುದ್ರೆನ ಕರೀತವ್ನೆ ಕಣೆ, ನನ್ನನ್ನಲ್ಲ,” ಅನ್ನುತ್ತಿದ್ದಳು. ನಮ್ಮ ನಿಜವಾದ ಹೆಸರುಗಳು ಹಟ್ಟಿಯ ಆಚೆ ದಾಟುತ್ತಿರಲಿಲ್ಲ. ಬಿಳಿಯರಿಗೆ ಅವನ್ನು ನಾವು ಹೇಳಿದವರಲ್ಲ, ಅವರು ಕೇಳಿದವರೂ ಅಲ್ಲ. ಇದೊಂದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಕ್ಕನ ಕೆಲಸ ದೊಡ್ಡಿಯ ಮೇಕೆ ಕಾಯುವುದು. ಅವಳಂಥ ಸೋಮಾರಿ ನಮ್ಮ ಹೊಳೆಯ ಎರಡೂ ದಡದಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಇದನ್ನು ಹೇಳಲೇಬೇಕು, ಯಾಕೆಂದರೆ ಆಮೇಲಿನ ವಾಲಿಂಜಳನ್ನು ನೋಡಿದವರು ನಂಬುವುದಿಲ್ಲ. ಮೇಕೆಗಳನ್ನು ಕೊಳದ ಕಡೆ ಅಟ್ಟಿ, ಮರದಡಿ ಕಾಲು ಚಾಚಿ, ಹೊಗೆಸೊಪ್ಪು ಅಗಿಯುತ್ತ ಬಿದ್ದಿರುವಳು. ಮಗಳು ಮಿರುಂಡಿ ಕೊಳದಲ್ಲಿ ಮುಳುಗಿ ನೈದಿಲೆ ಗೆಡ್ಡೆ ಕಿತ್ತು ತಂದು ಸುಡುವಳು, ಅಕ್ಕ ಮಲಗಿದಲ್ಲಿಂದಲೇ ಬಾಯಿ ತೆರೆಯುವಳು. “ಮಗಳಲ್ಲ ಕಣೆ ಇವ್ಳು, ನಮ್ಮವ್ವ,” ಎಂದು ನಗುವಳು. ಏಳು ವರ್ಷದ ಹುಡುಗಿ. ಮುಂದಿನ ಎರಡು ಹಲ್ಲು ಬಿದ್ದಿದ್ದವು. ಬಲಗಾಲಿನ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿಕೊಂಡಿತ್ತು. ಹೊತ್ತು ಇಳಿಯುತ್ತಿದ್ದಂತೆ ಅಕ್ಕ ಎದ್ದು ಕೂತು, ಎರಡೂ ಕೈ ಬಾಯಿಗೆ ಹಿಡಿದು, “ಮಿರುಂಡೀ” ಎಂದು ಎಳೆದು ಕೂಗುವಳು. ಮರದ ಮೇಲಿಂದಲೋ ಜೊಂಡಿನ ಒಳಗಿಂದಲೋ ಹುಡುಗಿ “ಓ” ಅನ್ನುವಳು. ಆಮೇಲೆ ಇಬ್ಬರೂ ಮೇಕೆ ಹೊಡೆದುಕೊಂಡು ಮನೆಗೆ ಬರುವರು.

ಒಂದು ಬೇಸಿಗೆಯಲ್ಲಿ ಕೆಂಪುಗಡ್ಡನ ನಾದಿನಿ ಕಡಲ ಪಟ್ಟಣದಿಂದ ಬಂದು ಬಂಗಲೆಯಲ್ಲಿ ಒಂದು ತಿಂಗಳು ಇದ್ದಳು. ಅವಳ ಕಂಕುಳಲ್ಲಿ ಒಂದು ಕೈಗೂಸು. ಕೂಸು ಆಡಿಸಲು ಹುಡುಗಿ ಬೇಕು ಎಂದು ದಿನಾ ರಾಗ ಎಳೆಯುತ್ತಿದ್ದಳು. ನಾನು ಆ ಮನೆಯ ಅಡುಗೆಕೋಣೆಯಲ್ಲಿ ಪಾತ್ರೆ ಬೆಳಗುತ್ತಿದ್ದೆ, ಅವರ ಮಾತು ನನಗೆ ಅಷ್ಟಿಷ್ಟು ತಿಳಿಯುತ್ತಿತ್ತು. ತಿಳಿದರೂ ನಾನು ಗಮನಕ್ಕೆ ಹಾಕಿಕೊಳ್ಳಲಿಲ್ಲ. ಬಿಳಿಯರ ಹೆಂಗಸರು ಏನಾದರೊಂದು ಬೇಕು ಎನ್ನುತ್ತಲೇ ಇರುತ್ತಾರೆ.

ಆ ನಾದಿನಿ ಹೊರಟ ದಿನ ಅಕ್ಕ ಮೇಕೆಗಳ ಜೊತೆ ದೂರ ಹೋಗಿದ್ದಳು. ಮಿರುಂಡಿಗೆ ಕಾಲಿಗೆ ಮುಳ್ಳು ಚುಚ್ಚಿತ್ತೆಂದು ಹಟ್ಟಿಯಲ್ಲೇ ಬಿಟ್ಟಿದ್ದಳು. ಸಂಜೆ ಬಂದು ಕೂಗಿದಳು, ಓ ಅನ್ನುವವರಿಲ್ಲ. ನಮಗೆ ಯಾರನ್ನೂ ಕೇಳಬೇಕಾಗಿಲ್ಲ, ನೆಲ ಹೇಳುತ್ತದೆ. ಮಗುವಿನ ಹೆಜ್ಜೆ ಹಟ್ಟಿಯಿಂದ ಬಂಗಲೆಯವರೆಗೆ ಕುಂಟಿಕೊಂಡು ಹೋಗಿತ್ತು. ಪಕ್ಕದಲ್ಲಿ ಬೂಟಿನ ಹೆಜ್ಜೆ. ಗಾಡಿ ನಿಂತ ಜಾಗದಲ್ಲಿ ಮಗು ಹಿಮ್ಮಡಿ ಊರಿ ಹಿಂದಕ್ಕೆ ಜಗ್ಗಿದ ಗುರುತು ಎರಡು ಗೇಣು ಉದ್ದ ಇತ್ತು. ಆಮೇಲೆ ಬೂಟಿನ ಹೆಜ್ಜೆ ಮಾತ್ರ, ಭಾರವಾಗಿ ಒತ್ತಿದ್ದು. ಆಮೇಲೆ ಗಾಲಿ. ಅಕ್ಕ ಗಾಲಿಯ ಜಾಡು ಹಿಡಿದು ಓಡಿದಳು, ಕೆಂಪುಗಡ್ಡನ ಆಳುಗಳು ಕುದುರೆಯ ಮೇಲೆ ಹೋಗಿ ಹಿಂದಕ್ಕೆ ಎಳೆತಂದರು.

ಅಂದಿನಿಂದ ಅವಳ ಸೋಮಾರಿತನ ಹೋಯಿತು. ದಿನಾ ಬೆಳಗ್ಗೆ ಬಂಗಲೆಯ ಬೇಲಿಯ ಬಾಗಿಲಲ್ಲಿ ನಿಂತು, “ನನ್ ಮಗಳು ಎಲ್ಲಿ?” ಎಂದು ಕೇಳುವಳು. ಮೇಕೆಗಳು ಕಾಯುವವರಿಲ್ಲದೆ ಚೆಲ್ಲಾಪಿಲ್ಲಿಯಾದವು. ಕೆಂಪುಗಡ್ಡ ಮೊದಲು ನಕ್ಕ, ಆಮೇಲೆ ಚಾಟಿ ತೋರಿಸಿದ, ಆಮೇಲೆ ಬಾಗಿಲಿಗೆ ಬರುವುದನ್ನೇ ಬಿಟ್ಟ. ಮಳೆಗಾಲ ಕಳೆದ ಮೇಲೆ ಒಂದು ದಿನ ಟೋಪಿ ತೆಗೆದು ಎದೆಗೆ ಹಿಡಿದುಕೊಂಡು ಬಂದ. ಹುಡುಗಿ ದಾರಿಯಲ್ಲಿ ಜ್ವರ ಬಂದು ಸತ್ತಳಂತೆ ಎಂದ. ಅದನ್ನು ನಮ್ಮ ಮಾತಿಗೆ ತಿರುಗಿಸಿ ಅಕ್ಕನಿಗೆ ಹೇಳಿದವಳು ನಾನು.

ಅವನು ಹೇಳಿದ್ದು ಸುಳ್ಳು. ಮೇಕೆ ಕಾಯಲು ಆಳು ಬೇಕಿತ್ತು, ಅದಕ್ಕೊಂದು ಸುಳ್ಳು. ನಾವೋ, ಸಾವಿನ ವಿಷಯದಲ್ಲಿ ಮನುಷ್ಯ ಸುಳ್ಳು ಹೇಳಬಹುದೆಂದು ಕನಸಿನಲ್ಲೂ ಎಣಿಸದ ಜನ. ನಂಬಿದೆವು. ಕೂದಲು ಕತ್ತರಿಸಿಕೊಂಡೆವು, ಕಲ್ಲಿನ ಚೂರಿನಿಂದ ನೆತ್ತಿ ಗೀರಿಕೊಂಡೆವು, ತಲೆಗೆ ಬಿಳಿಮಣ್ಣು ಮೆತ್ತಿಕೊಂಡೆವು. ಅವಳ ಪುಟ್ಟ ಅಗೆಯುವ ಕೋಲು, ನೂಲಿನ ಚೀಲ ಎರಡನ್ನೂ ಸುಟ್ಟೆವು. ಹಟ್ಟಿಯನ್ನು ಹೊಳೆಯ ಆಚೆ ದಡಕ್ಕೆ ಕಿತ್ತು ಹಾಕಿದೆವು. ಮಿರುಂಡಿ ಎಂಬ ಹೆಸರನ್ನು ಅಲ್ಲಿಗೆ ನಾಲಿಗೆಯಿಂದ ಇಳಿಸಿಬಿಟ್ಟೆವು. ಅಕ್ಕ ಮತ್ತೆ ಮೇಕೆಗಳ ಹಿಂದೆ ಹೋದಳು. ಕೆಂಪುಗಡ್ಡನ ಕೆಲಸ ಆಯಿತು.

ಅವರ ಮುದುಕಿ ರಾಣಿ ಸತ್ತ ವರ್ಷ ಒಬ್ಬ ಸರ್ಕಾರದ ದೊರೆ ಬಂದ. ತೆಳ್ಳಗಿನ ಮನುಷ್ಯ, ಸದಾ ಕೆಮ್ಮುತ್ತಿದ್ದ, ಕಂಕುಳಲ್ಲಿ ದಪ್ಪ ಪುಸ್ತಕ. ನಮ್ಮವರು ಅವನಿಗೆ ಪುಸ್ತಕದ ದೊರೆ ಎಂದು ಹೆಸರಿಟ್ಟರು. ಕರಿಯರ ಮಕ್ಕಳನ್ನು ಕದ್ದು ಪಟ್ಟಣದ ಮನೆಗಳಲ್ಲಿ ಕೂಲಿಯಿಲ್ಲದೆ ದುಡಿಸುತ್ತಿದ್ದಾರೆಂದು ಯಾರೋ ಪುಣ್ಯಾತ್ಮರು ದೂರದ ರಾಜಧಾನಿಗೆ ಬರೆದಿದ್ದರಂತೆ. ಸರ್ಕಾರ ನಾಚಿಕೊಂಡು ಇವನನ್ನು ಕಳಿಸಿತ್ತು. ಅವನು ಪಟ್ಟಣದ ಮನೆಮನೆಗೆ ಹೋಗಿ ಮಕ್ಕಳನ್ನು ಕಂಡು, ಯಾರು ಎಲ್ಲಿಯವರೆಂದು ಕೇಳಿ ಬರೆದುಕೊಂಡಿದ್ದ. ಈಗ ಹೊಳೆಯುದ್ದಕ್ಕೂ ದೊಡ್ಡಿಯಿಂದ ದೊಡ್ಡಿಗೆ ಹೋಗಿ ಹೆಸರು ಓದಿ ಹೆತ್ತವರನ್ನು ಹುಡುಕುತ್ತಿದ್ದ. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಅಂದು ಅವನು ನಮಗೆ ಇಷ್ಟು ಬಿಡಿಸಿ ಹೇಳಲಿಲ್ಲ.

ತೊಗಲು ಒಣಗಿಸುವ ಕೊಟ್ಟಿಗೆಯ ಮುಂದೆ ಮೇಜು ಹಾಕಿದರು. ನಮ್ಮನ್ನೆಲ್ಲ ನೆಲದ ಮೇಲೆ ಕೂರಿಸಿದರು. ಕೆಂಪುಗಡ್ಡ ಕಂಬಕ್ಕೆ ಒರಗಿ ನಿಂತಿದ್ದ. ಮಾತು ತಿರುಗಿಸಲು ನನ್ನನ್ನು ಮೇಜಿನ ಪಕ್ಕ ನಿಲ್ಲಿಸಿದರು.

“ನಾನು ಕೆಲವು ಮಕ್ಕಳ ಹೆಸರು ಓದ್ತೀನಿ. ನಿಮ್ಮೋರು ಅಂದ್ರೆ ಎದ್ದು ಹೇಳ್ಬೇಕು,” ಎಂದ ಪುಸ್ತಕದ ದೊರೆ.

ನಾನು ತಿರುಗಿಸಿ ಹೇಳಿದೆ. ಅವನು ಮೂರು ಹೆಸರು ಓದಿದ, ಮೂರೂ ನಮ್ಮ ಕಡೆಯವಲ್ಲ. ನಾಲ್ಕನೆಯದನ್ನು ಬೆರಳಿಟ್ಟು ಹುಡುಕಿ, ಕೆಮ್ಮಿ, ಓದಿದ.

“ಮಿರುಂಡಿ.”

ಹೆಂಗಸರು ಕೈಗಳಿಂದ ಮುಖ ಮುಚ್ಚಿಕೊಂಡರು. ಗಂಡಸರು ಕಿವಿ ಮುಚ್ಚಿ ನೆಲ ನೋಡಿದರು. ದೊಡ್ಡಪ್ಪ, ನಮ್ಮ ಹಟ್ಟಿಗೆ ಹಿರಿಯ, ಬೆನ್ನು ತಿರುಗಿಸಿ ಕೂತ. ಅಕ್ಕ ಮೊಣಕಾಲ ನಡುವೆ ತಲೆ ಹುದುಗಿಸಿದಳು. ನನ್ನ ಕೈಗಳೂ ನನ್ನ ಕಿವಿಯ ಮೇಲೆ ಇದ್ದವು. ಬಿಳಿಯನೊಬ್ಬ ಸತ್ತ ಮಗುವಿನ ಹೆಸರನ್ನು ಹಾಡುಹಗಲಲ್ಲಿ ಎಲ್ಲರ ನಡುವೆ ಎತ್ತಿ ಎಸೆದಿದ್ದಾನೆ, ಇದಕ್ಕಿಂತ ಹೇಸಿಗೆ ಕೆಲಸ ಉಂಟೇ ಎಂದು ನನಗೆ ಅವನ ಮೇಲೆ ಸಿಟ್ಟು ಉಕ್ಕಿತು.

ಅವನು ಇನ್ನೊಂದು ಸಲ ಓದಿದ. ಮೂರನೆಯ ಸಲವೂ ಓದಿದ. ಆಮೇಲೆ ನನ್ನ ಕಡೆ ತಿರುಗಿದ.

“ಏನಮ್ಮಾ, ಯಾರಿಗೂ ಗೊತ್ತಿಲ್ವಾ?”

“ಆ ಹೆಸ್ರು ನಾವು ಕೇಳಂಗಿಲ್ಲ ದೊರೆ. ಮುಂದಕ್ಕೆ ಹೋಗಿ,” ಎಂದೆ.

ಅವನು ತಲೆಯಾಡಿಸಿ ಏನೋ ಬರೆದ. ಕೆಂಪುಗಡ್ಡ ಕಂಬದ ಹತ್ತಿರದಿಂದ, “ನಾನು ಹೇಳ್ಲಿಲ್ವಾ ಸ್ವಾಮಿ? ಈ ಜನ ಮಕ್ಕಳನ್ನ ಒಂದು ತಿಂಗಳಲ್ಲಿ ಮರೀತಾರೆ,” ಎಂದ. ಆ ಮಾತೂ ನನಗೆ ತಿಳಿಯಿತು. ತಿಳಿದರೂ ಬಾಯಿಗೆ ಬೀಗ ಹಾಕಿಕೊಂಡು ನಿಂತೆ. ಮಧ್ಯಾಹ್ನ ಊಟ ಮುಗಿಸಿ ಪುಸ್ತಕದ ದೊರೆಯ ಗಾಡಿ ಹೊರಟಿತು.

ನಾನು ಅವನು ಉಂಡ ತಟ್ಟೆ ತೊಳೆಯುತ್ತಿದ್ದೆ. ಅಕ್ಕ ಬಂದು ಬಾನಿಯ ಆಚೆ ನಿಂತಳು. ಮುಖ ಬೂದಿಯಾಗಿತ್ತು.

“ಅವ್ನಿಗೆ ಆ ಹೆಸ್ರು ಯಾರು ಹೇಳಿದ್ದು?” ಎಂದಳು.

“ಪುಸ್ತಕದಲ್ಲಿ ಬರ್ದಿತ್ತು ಕಣಕ್ಕ. ಬಿಡು, ಆ ಮಾತು ಎತ್ಬೇಡ.”

“ಪುಸ್ತಕಕ್ಕೆ ಯಾರು ಹೇಳಿದ್ದು? ಕೆಂಪುಗಡ್ಡಂಗೆ ಅದು ಗೊತ್ತಿಲ್ಲ. ಅವ್ನ ಬಾಯಲ್ಲಿ ಅವ್ಳು ಟ್ರಿಕ್ಸಿ. ನೀ ಹೇಳಿದ್ಯಾ?”

“ನಾನ್ಯಾಕೆ ಹೇಳ್ಲಿ?”

“ದೊಡ್ಡಪ್ಪ ಹೇಳಿದ್ನಾ? ನಾ ಹೇಳಿದ್ನಾ? ಹಟ್ಟಿಯೋರು ಯಾರೂ ಹೇಳಿಲ್ಲ.” ಅವಳು ಬಾನಿಯ ಅಂಚು ಹಿಡಿದುಕೊಂಡಳು. “ಸತ್ತೋರು ಪಟ್ಟಣಕ್ಕೆ ಹೋಗಿ ತಮ್ಮ ಹೆಸ್ರು ಹೇಳ್ತಾರೇನೆ ತಂಗಿ?”

ಮಗು ಬದುಕಿದೆ. ತನ್ನ ಬಾಯಿಂದಲೇ ತನ್ನ ಹೆಸರು ಹೇಳಿದೆ. ಅದನ್ನು ಕೇಳಿಕೊಂಡ ಮನುಷ್ಯ ಅಷ್ಟು ದೂರದಿಂದ ಹೊತ್ತು ತಂದು ನಮ್ಮ ಮುಂದೆ ಮೂರು ಸಲ ಇಟ್ಟ, ನಾವು ಕಿವಿ ಮುಚ್ಚಿಕೊಂಡೆವು. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ನನಗೆ ಅದೂ ನನ್ನದಾಗಿ ಬರಲಿಲ್ಲ, ಅಕ್ಕ ತಂದುಕೊಟ್ಟಳು.

ಅಡುಗೆಮನೆಯಿಂದ ಒಂದು ರೊಟ್ಟಿ ಕದ್ದು ಇಬ್ಬರೂ ಹಾಗೆಯೇ ಹೊರಟೆವು. ಗಾಡಿಯ ಜಾಡು ಹೊಳೆಯ ಗುಂಟ ಪಡುವಣಕ್ಕೆ ಹೋಗಿತ್ತು. ಅಕ್ಕ ನಡೆಯಲಿಲ್ಲ, ಓಡಲೂ ಇಲ್ಲ, ಎರಡರ ನಡುವೆ ಏನೋ ಒಂದು ಮಾಡಿದಳು. ನಾನು ಏದುಸಿರು ಬಿಡುತ್ತ, “ಒಸಿ ನಿಲ್ಲೆ, ಸೋಮಾರಿ ಅನ್ನಿಸ್ಕೊಂಡಿದ್ದೋಳು ನೀನು,” ಎಂದೆ. ಅವಳು ತಿರುಗಿಯೂ ನೋಡಲಿಲ್ಲ.

ಮಾರನೆಯ ದಿನ ಬೆಳಗ್ಗೆ ನಮ್ಮ ಸೀಮೆ ಮುಗಿಯುವ ಕೆಂಪು ದಿಬ್ಬ ಬಂತು. ಅಲ್ಲಿಂದಾಚೆ ಬೇರೆಯವರ ನೆಲ. ಅವರ ನೆಲಕ್ಕೆ ಕಾಲಿಡುವ ಮುಂಚೆ ಅಂಚಿನಲ್ಲಿ ಹೊಗೆ ಹಾಕಿ ಕೂರಬೇಕು, ಅವರು ಬಂದು ನೋಡಿ ಬಾ ಎಂದರೆ ಹೋಗಬೇಕು. ಕಳ್ಳರಂತೆ ನುಗ್ಗಿದರೆ ಈಟಿ ಬೀಳುತ್ತದೆ, ಬಿದ್ದರೆ ನ್ಯಾಯವೇ. ಅಕ್ಕ ದಿಬ್ಬ ಇಳಿಯಲು ಹೊರಟಳು. ನಾನು ಅವಳ ತೋಳು ಹಿಡಿದು ಜಗ್ಗಿದೆ.

“ಹೊಗೆ ಹಾಕ್ಬೇಕು ಕಣೆ.”

“ಗಾಡಿ ಹೋಯ್ತದೆ.”

“ನೀ ಸತ್ರೆ ಮಗೀನ ಯಾರು ತರ್ತಾರೆ? ಕೂತ್ಕೋ.”

ಕೂತಳು. ಕೂತಳೆಂದರೆ ಏನು, ಹತ್ತು ಸಲ ಎದ್ದಳು, ದಿಬ್ಬದ ಮೇಲೆ ಹೋದಳು ಬಂದಳು, ಬೆಂಕಿಗೆ ಹಸಿಸೊಪ್ಪು ಹಾಕಿ ಹಾಕಿ ಆಕಾಶ ಕಪ್ಪು ಮಾಡಿದಳು. ಹೊತ್ತು ನೆತ್ತಿಗೆ ಬಂತು, ಇಳಿಯಿತು. ಸಂಜೆಯ ಹೊತ್ತಿಗೆ ಆ ಕಡೆಯ ಒಬ್ಬ ಮುದುಕಿ ನಾಯಿಗಳ ಜೊತೆ ಸಾವಕಾಶವಾಗಿ ಬಂದಳು. ನಮ್ಮ ಕತ್ತರಿಸಿದ ಕೂದಲು ನೋಡಿದಳು, ಅಕ್ಕನ ಕಣ್ಣು ನೋಡಿದಳು. “ಇಷ್ಟೊತ್ತು ಯಾಕೆ ಕೂತ್ರಿ? ಗಾಡಿ ಹೊಳೆಗಂಡಿ ಹತ್ರ ನಿಂತೈತೆ, ಹೋಗ್ರವ್ವ,” ಎಂದಳು.

ಮೂರನೆಯ ದಿನ ಬೆಳಗ್ಗೆ ಹೊಳೆ ದಾಟುವ ಜಾಗ ಮುಟ್ಟಿದೆವು. ಅಲ್ಲಿ ತಂತಿ ಕಳಿಸುವ ಒಂದು ಸಣ್ಣ ಮನೆ ಇದೆ. ಪುಸ್ತಕದ ದೊರೆ ಗಾಡಿಗೆ ಕುದುರೆ ಕಟ್ಟಿಸುತ್ತಿದ್ದ. ನಮ್ಮನ್ನು ಕಂಡು ಗುರುತು ಹಿಡಿದ. ಕೆಟ್ಟವನಲ್ಲ. ನನಗೆ ಇಂದಿಗೂ ಉರಿಯುವುದು ಅದೇ. ಕೆಟ್ಟವನಾಗಿದ್ದರೆ ಬಯ್ದು ಸುಮ್ಮನಾಗಬಹುದಿತ್ತು. ನಮ್ಮನ್ನು ಪೆಟ್ಟಿಗೆಗಳ ಮೇಲೆ ಕೂರಿಸಿ ಸಕ್ಕರೆ ಹಾಕಿದ ಟೀ ಕೊಡಿಸಿದ. ಅಕ್ಕ ಕೂರಲಿಲ್ಲ.

ನಾನು ಎಲ್ಲ ಹೇಳಿದೆ. ಮಗು ಸತ್ತಿತೆಂದು ನಮ್ಮ ದೊರೆ ಹೇಳಿದ್ದು, ಸತ್ತವರ ಹೆಸರು ನಾವು ಕೇಳದಿರುವುದು, ಎಲ್ಲ. ಅವನು ಕೆಮ್ಮುತ್ತ ಕೇಳಿಸಿಕೊಂಡ.

“ನಿಮ್ಮ ದೊರೆ ತಪ್ಪಾಗಿ ತಿಳ್ಕೊಂಡಿರಬಹುದು,” ಎಂದ. ಆಮೇಲೆ ಪುಸ್ತಕ ತೆರೆದು, “ನಾಲ್ಕನೇ ಹುಡುಗಿ ಈಕೆ ಮಗಳು ಅಂತೀಯ. ಹಾಗಿದ್ರೆ ಹುಡುಗಿ ಹೆಸರನ್ನ ಈಕೆ ಬಾಯಿಂದ ಹೇಳಲಿ,” ಎಂದ.

ತಿರುಗಿಸಿ ಹೇಳಲು ನನಗೆ ನಾಲಿಗೆ ಏಳಲಿಲ್ಲ. ಒಂದು ವೇಳೆ ನಮ್ಮ ಎಣಿಕೆ ತಪ್ಪಾಗಿದ್ದರೆ, ಮಗು ನಿಜಕ್ಕೂ ಸತ್ತಿದ್ದರೆ, ಹೆತ್ತವಳೇ ಅದರ ಜೀವವನ್ನು ದಾರಿಯಿಂದ ಎಳೆದಂತೆ. ಆದರೆ ಅಕ್ಕನಿಗೆ ಅವನ ಮಾತು ತಿಳಿಯದಿದ್ದರೂ ಅವನ ಬೆರಳು ತಿಳಿಯಿತು. ಪುಸ್ತಕದ ಮೇಲಿದ್ದ ಆ ಬೆರಳನ್ನು ನೋಡಿ ಹೇಳಿದಳು.

“ಮಿರುಂಡಿ. ಮಿರುಂಡಿ. ಮಿರುಂಡಿ. ನನ್ ಮಗಳು.”

ಅವನು ಓದಿದ್ದು ಮೂರು ಸಲ, ಅವಳು ತೀರಿಸಿದ್ದೂ ಮೂರು ಸಲ. ದೊರೆ ಪುಸ್ತಕ ಮುಚ್ಚಿದ. ಅವನ ಮುಖ ನಿಜವಾಗಿಯೂ ಸಪ್ಪಗಾಗಿತ್ತು.

“ಹೆತ್ತೋರು ಸಿಕ್ಕಿದ ಮಕ್ಕಳನ್ನ ವಾಪಸ್ ಕಳಿಸ್ತೀವಿ. ಸಿಗದೆ ಇರೋರನ್ನ ಸರ್ಕಾರ ದಕ್ಷಿಣದಲ್ಲಿ ಒಳ್ಳೆ ಮನೆಗಳಿಗೆ ಸೇರಿಸುತ್ತೆ. ಪಟ್ಟಿ ನಿನ್ನೆ ಮಧ್ಯಾಹ್ನ ತಂತಿಯಲ್ಲಿ ಕಳಿಸಿಬಿಟ್ಟೆ. ಹಡಗು ಇವತ್ತು ಹೊರಡುತ್ತೆ.”

“ಇನ್ನೊಂದು ತಂತಿ ಕಳ್ಸಿ ದೊರೆ. ತಪ್ಪಾಯ್ತು ಅನ್ನಿ.”

“ಅದಕ್ಕೆ ನನಗೆ ಅಧಿಕಾರ ಇಲ್ಲಮ್ಮ. ಎಲ್ಲರ ಎದುರಿಗೆ, ಸಾಕ್ಷಿ ಇಟ್ಟು ಕೇಳಿದೀನಿ. ಶಾಯಿಯಲ್ಲಿ ಬರೆದಾಗಿದೆ. ಮೇಲಿನೋರಿಗೆ ಕಾಗದ ಬರೀತೀನಿ, ಖಂಡಿತ ಬರೀತೀನಿ.”

ನಿನ್ನೆ ಮಧ್ಯಾಹ್ನ. ನಿನ್ನೆ ಮಧ್ಯಾಹ್ನ ನಾವು ದಿಬ್ಬದ ಮೇಲೆ ಹೊಗೆ ಹಾಕಿಕೊಂಡು ಕೂತಿದ್ದೆವು, ನಾನು ಅಕ್ಕನ ತೋಳು ಹಿಡಿದುಕೊಂಡಿದ್ದೆ. ಇದನ್ನು ನಾನು ಅವಳಿಗೆ ತಿರುಗಿಸಿ ಹೇಳಿದೆ, ಒಂದು ಅಕ್ಷರ ಬಿಡದೆ. ಅವಳು ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ನಾನು ಇಷ್ಟು ವರ್ಷ ಹೀಗೆ ಕುದಿಯುತ್ತಿರಲಿಲ್ಲ.

ಅವನು ಕಾಗದ ಬರೆದದ್ದು ನಿಜ. ಎಂಟು ತಿಂಗಳ ಮೇಲೆ ಉತ್ತರ ಬಂತು, ದೊಡ್ಡಿಯ ಗುಮಾಸ್ತ ಓದಿದ. ವಿಚಾರಣೆಯ ದಿನ ಯಾರೂ ಹಕ್ಕು ಹೇಳಲಿಲ್ಲವಾದ್ದರಿಂದ ಮಗುವನ್ನು ಯೋಗ್ಯ ಮನೆಯೊಂದರಲ್ಲಿ ಇರಿಸಲಾಗಿದೆ, ಮಗು ಆರೋಗ್ಯವಾಗಿದೆ, ಪಟ್ಟಣದ ಮಹಿಳೆಗೆ ಎಚ್ಚರಿಕೆ ನೀಡಲಾಗಿದೆ, ಮುಂದಿನ ಕ್ರಮದ ಅಗತ್ಯ ಕಂಡುಬಂದಿಲ್ಲ. ಯಾವ ಊರು, ಯಾವ ಮನೆ, ಅದೊಂದೂ ಇಲ್ಲ. ಅಕ್ಕ ಎಲ್ಲ ಕೇಳಿ ಒಂದೇ ಮಾತು ಹಿಡಿದುಕೊಂಡಳು. “ಆರೋಗ್ಯವಾಗವ್ಳಂತೆ ಕಣೆ,” ಎಂದಳು. “ಅಂದ್ರೆ ಬದುಕವ್ಳೆ. ಬದುಕಿರೋಳ ಹೆಸ್ರು ಕೂಗ್ಬೋದು.”

ಕೂಗಿದಳು. ಇಪ್ಪತ್ತು ವರ್ಷ ಕೂಗಿದಳು. ದಿನಾ ಹೊತ್ತು ಮೂಡುವಾಗ ಬೇಲಿಯ ಬಾಗಿಲಿಗೆ ಹೋಗಿ, ಕಡಲ ದಾರಿಯ ಕಡೆ ಮುಖ ಮಾಡಿ, ಎರಡೂ ಕೈ ಬಾಯಿಗೆ ಹಿಡಿದು, “ಮಿರುಂಡೀ” ಎನ್ನುವಳು. ಆಮೇಲೆ ಒಂದಷ್ಟು ಹೊತ್ತು ಸುಮ್ಮನೆ ನಿಲ್ಲುವಳು, ಓಗೊಡಲು ಬಿಡುವು ಕೊಡುವಂತೆ. ಹಟ್ಟಿಯವರು ಕಿವಿ ಮುಚ್ಚಿಕೊಳ್ಳುವರು. ನಾವೇ ಅತ್ತು ಕಳಿಸಿದ ಹೆಸರು, ಬದುಕಿದೆ ಎಂದು ಒಂದು ಕಾಗದ ಹೇಳಿದರೆ ನಂಬುವುದು ಹೇಗೆ? ದೊಡ್ಡಪ್ಪ ತನ್ನ ಒಲೆಯನ್ನು ಅವಳ ಒಲೆಯಿಂದ ದೂರ ಸರಿಸಿದ, ಒಬ್ಬೊಬ್ಬರಾಗಿ ಎಲ್ಲರೂ ಸರಿಸಿದರು.

“ನೀ ಒಬ್ಳಿಗೋಸ್ಕರ ನಮ್ಮನ್ನೆಲ್ಲ ಯಾಕೆ ಸಾಯಿಸ್ತೀಯೆ?” ಎಂದು ದೊಡ್ಡಪ್ಪ ಒಮ್ಮೆ ಕೋಲೆತ್ತಿಕೊಂಡು ಹೋದ.

“ಇಪ್ಪತ್ತು ಕಂಬಳಿ ಹೊದ್ಕೊಂಡ್ರೂ ನಡುಗೋ ಮುದುಕ ನೀನು. ನೀ ಸತ್ರೆ ಚಳಿಗೆ ಸಾಯ್ತೀಯ, ನನ್ ಕೂಗಿಗಲ್ಲ. ಹೋಗು, ಬೆಂಕಿ ಕಾಯಿಸ್ಕೋ,” ಎಂದಳು ಅಕ್ಕ. ಕೋಲು ಇಳಿಯಿತು.

ಕಾಲಿಗೆ ಚಕ್ರ ಕಟ್ಟಿಕೊಂಡವಳಾದಳು. ನಿಂತೇ ತಿನ್ನುವಳು. ಮೇಕೆ ಮೇಯುವಾಗ ಮೇಕೆಗಿಂತ ಹೆಚ್ಚು ಅಲೆಯುವಳು. ಮಳೆಗಾಲದಲ್ಲಿ ಎಲ್ಲರೂ ಎತ್ತರದ ಸೀಮೆಗೆ ಹಬ್ಬಕ್ಕೆ ಹೋದರೆ ಅವಳು ಬರಳು. ಮಗಳು ಬಂದಾಗ ಬಾಗಿಲಲ್ಲಿ ಯಾರೂ ಇಲ್ಲದಿದ್ದರೆ ಎಂಬ ಭಯ. ನನ್ನಿಂದ ಬಿಳಿಯರ ಮಾತಿನ ಒಂದೇ ಸಾಲು ಕಲಿತಳು: “ನನ್ ಮಗಳು ಮಿರುಂಡಿ, ಅವ್ಳ ಅವ್ವ ವಾಲಿಂಜ ಡನ್ಲೀ ಬಾಗ್ಲಲ್ಲಿ ನಿಂತವ್ಳೆ.” ದಾರಿಯಲ್ಲಿ ಹೋದ ದನ ಹೊಡೆಯುವವರು, ಒಂಟೆಯವರು, ಕುದುರೆ ಪಳಗಿಸುವವರು, ಒಬ್ಬರನ್ನೂ ಬಿಡದೆ ತಡೆದು ಅದನ್ನು ಹೇಳಿ, “ದಕ್ಷಿಣದಲ್ಲಿ ಹೇಳು,” ಎನ್ನುವಳು. ಅವರು ನಗುತ್ತಿದ್ದರು. ಕೆಲವರು ಅವಳ ಧ್ವನಿಯಲ್ಲೇ ಅಣಕಿಸುತ್ತ ಹೋಗುತ್ತಿದ್ದರು. ನನಗೆ ಅವರ ಮೇಲೆ ಕಲ್ಲು ಬೀರುವಷ್ಟು ಸಿಟ್ಟು. ಅಕ್ಕ, “ಅಣಕಿಸ್ಲಿ ಬಿಡು, ಅಣಕಿಸಿದ್ರೆ ಮರೆಯಲ್ಲ,” ಎನ್ನುವಳು.

ಕೆಂಪುಗಡ್ಡ ಕುದುರೆಯಿಂದ ಬಿದ್ದು ಸತ್ತ. ಆ ಕುದುರೆ ಟಾಪ್ಸಿಯ ಮಗಳ ಮಗಳು. ದೊಡ್ಡಪ್ಪ ಸತ್ತ, ಚಳಿಗೇ. ನನ್ನ ತಲೆ ನರೆಯಿತು. ಅಕ್ಕನಿಗೆ ಎದೆಯ ಬೇನೆ ಹತ್ತಿಕೊಂಡಿತು. ಕೊನೆಯ ತಿಂಗಳು ನಾನೇ ಅವಳನ್ನು ತೋಳು ಕೊಟ್ಟು ಬಾಗಿಲಿಗೆ ನಡೆಸಿದೆ. ಕೂಗಲು ಉಸಿರಿರಲಿಲ್ಲ, ತುಟಿ ಆಡಿಸುವಳು, ಆಮೇಲೆ ಕಿವಿಗೊಟ್ಟು ನಿಲ್ಲುವಳು. ಒಂದು ಬೆಳಗ್ಗೆ ಹಾಗೆ ನಿಂತವಳು ನನ್ನ ತೋಳಿನ ಮೇಲೆ ಭಾರವಾದಳು. ಎರಡು ದಶಕದ ಮೇಲೆ ಮೊದಲ ಸಲ ಕೂತಳು, ಕೂತಲ್ಲೇ ಹೋದಳು.

ನಾವು ಕೂದಲು ಕತ್ತರಿಸಿಕೊಂಡೆವು, ಬಿಳಿಮಣ್ಣು ಮೆತ್ತಿಕೊಂಡೆವು. ಅವಳ ಹೆಸರನ್ನು ನಾಲಿಗೆಯಿಂದ ಇಳಿಸಿದೆವು. ನಾನೂ ಇಳಿಸಿದೆ.

ಹನ್ನೊಂದನೆಯ ದಿನ ಮಧ್ಯಾಹ್ನ ಟಪ್ಪಾಲು ಗಾಡಿ ಬಂತು. ಅದರಿಂದ ಒಬ್ಬ ಹೆಂಗಸು ಇಳಿದಳು. ನಮ್ಮ ಬಣ್ಣದವಳು, ಬಿಳಿಯರ ಉಡುಪು, ಹುಲ್ಲಿನ ಟೋಪಿ, ಕಾಲಿಗೆ ಕಪ್ಪು ಬೂಟು. ಗಾಡಿಯವನಿಗೆ ಒಂದು ಗಳಿಗೆ ನಿಲ್ಲಲು ಹೇಳಿ ಹಟ್ಟಿಯ ಕಡೆ ನಡೆದು ಬಂದಳು. ಬೂಟಿನ ಹೆಜ್ಜೆ, ಅದರಲ್ಲಿ ಓದಲು ಏನೂ ಇಲ್ಲ. ಬಿಳಿಯರ ಮಾತಿನಲ್ಲಿ ನಮಸ್ಕಾರ ಹೇಳಿದಳು. ಕೈಚೀಲದಿಂದ ಒಂದು ಚೀಟಿ ತೆಗೆದಳು, ನೋಡದೆಯೇ ಹೇಳಿದಳು.

“ವಾಲಿಂಜ. ನಾನು ವಾಲಿಂಜ ಅನ್ನೋರನ್ನ ಹುಡುಕ್ತಾ ಬಂದಿದೀನಿ.”

ಹೆಂಗಸರ ಕೈಗಳು ಮುಖಕ್ಕೆ ಹೋದವು. ಗಂಡಸರು ಕಿವಿ ಮುಚ್ಚಿ ನೆಲ ನೋಡಿದರು. ದೊಡ್ಡಪ್ಪನ ಮಗ ಅವನಪ್ಪನ ಹಾಗೆಯೇ ಬೆನ್ನು ತಿರುಗಿಸಿ ಕೂತ. ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಇನ್ನೊಂದು ಸಲ ಹೇಳಿದಳು. ಮೂರನೆಯ ಸಲವೂ ಹೇಳಿದಳು. ಚೀಟಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಗಾಡಿಯ ಕಡೆ ತಿರುಗಿದಳು.

ಆಗ ನನಗೆ ಗೊತ್ತಾಯಿತು, ನನ್ನ ಎರಡೂ ಕೈ ನನ್ನ ಕಿವಿಯ ಮೇಲಿದ್ದವು. ಥೂ ನಿನ್ನ ಜನ್ಮಕ್ಕೆ ಎಂದುಕೊಂಡೆ. ಎದ್ದೆ. ಮೊಣಕಾಲು ಹಿಡಿದುಕೊಂಡಿತು, ಆದರೂ ಓಡಿದೆ. ಅವಳು ಗಾಡಿಯ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದಳು.

“ವಾಲಿಂಜ ನನ್ ಅಕ್ಕ,” ಎಂದೆ. “ಕೇಳಿಸ್ಕೋ. ವಾಲಿಂಜ. ನಾನು ಅವ್ಳ ಬೆನ್ನಿಗೆ ಹುಟ್ಟಿದೋ‌ಳು.”

ಹಿಂದಿನಿಂದ ಹೆಂಗಸರು ಗೋಳೋ ಎಂದರು. ಯಾರೋ ನನ್ನ ಕಡೆ ಮಣ್ಣು ಎಸೆದರು. ಅವಳು ಮೆಟ್ಟಿಲಿಂದ ಕಾಲು ಇಳಿಸಿದಳು.

“ಎಲ್ಲಿದಾಳೆ?”

“ಹನ್ನೊಂದು ದಿನ ಆಯ್ತು ಮಗ.”

ಅವಳು ಅಳಲಿಲ್ಲ. ಟೋಪಿ ತೆಗೆದು ಅಲ್ಲೇ ಧೂಳಿನಲ್ಲಿ ಕೂತಳು. ಗಾಡಿಯವನು ಸ್ವಲ್ಪ ಹೊತ್ತು ಕಾದು ಹೊರಟುಹೋದ.

“ಏಳು ವಾರ,” ಎಂದಳು ಆಮೇಲೆ. “ಊರು ಬಿಡೋಕೆ ನಮ್ಮ ಬಣ್ಣದೋರಿಗೆ ಸರ್ಕಾರದ ಅಪ್ಪಣೆ ಚೀಟಿ ಬೇಕು. ಅದಕ್ಕೆ ಏಳು ವಾರ ಕಾದೆ. ಅದನ್ನ ಕೊಡೋ ಸಾಹೇಬ ರಜಾ ಮೇಲೆ ಹೋಗಿದ್ದ.”

ಅವಳು ಒಂದು ಬಟ್ಟೆ ಒಗೆಯುವ ಮನೆಯಲ್ಲಿ ಕೆಲಸಕ್ಕಿದ್ದಳಂತೆ. ಅಲ್ಲಿಗೆ ಹೊಸದಾಗಿ ಬಂದ ಹುಡುಗಿಯೊಬ್ಬಳು ಎಲ್ಲರನ್ನೂ ನಗಿಸುತ್ತಿದ್ದಳಂತೆ: ಉತ್ತರದಲ್ಲಿ ಡನ್ಲೀ ಎಂಬಲ್ಲಿ ಒಬ್ಬ ಹುಚ್ಚಿ ಇದ್ದಾಳೆ, ವಾಲಿಂಜ ಅಂತ ಅವಳ ಹೆಸರು, ಬೇಲಿಯ ಬಾಗಿಲಲ್ಲಿ ನಿಂತು ದಿನಾ ಮಿರುಂಡಿ ಮಿರುಂಡಿ ಅಂತ ಅರಚುತ್ತಾಳೆ. ಒಬ್ಬ ಒಂಟೆಯವನಿಂದ ಕಲಿತ ಅಣಕ ಅದು. ಇವಳು ಬಿಸಿನೀರಿನ ಹಂಡೆಯ ಪಕ್ಕ ಅದನ್ನು ಕೇಳಿದಳು.

“ಎಲ್ಲರೂ ನಗ್ತಿದ್ರು, ನನಗೆ ಕೈ ಸುಟ್ಟಿದ್ದೂ ಗೊತ್ತಾಗ್ಲಿಲ್ಲ,” ಎಂದು ತನ್ನ ಅಂಗೈ ನೋಡಿಕೊಂಡಳು. “ಆ ಹೆಸರನ್ನ ಒಬ್ಬನಿಗೆ ಹೇಳಿದ್ದೆ. ಕೆಮ್ಮೋ ಮನುಷ್ಯ, ಪುಸ್ತಕ ಇಟ್ಕೊಂಡಿದ್ದ. ನಿಮ್ಮ ಅವ್ವನಿಗೆ ಹೇಳ್ತೀನಿ ಅಂದ. ಆಮೇಲೆ ನನ್ನನ್ನ ಯಾರೂ ಹಾಗೆ ಕರೀಲಿಲ್ಲ. ಅವನು ಇಲ್ಲಿಗೆ ಬರ್ಲಿಲ್ವಾ?”

ಈ ಪ್ರಶ್ನೆಗೆ ಉತ್ತರ ಕೊಡಲು ನನಗೆ ಸಂಜೆಯವರೆಗೆ ಹಿಡಿಯಿತು. ಕೊಟ್ಟಿಗೆಯ ಮುಂದೆ ಏನಾಯಿತು, ದಿಬ್ಬದ ಮೇಲೆ ಏನಾಯಿತು, ಒಂದನ್ನೂ ಮುಚ್ಚಿಡಲಿಲ್ಲ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಮ್ಮಲ್ಲಿ ಅವ್ವನ ತಂಗಿಯೂ ಅವ್ವನೇ, ಆದರೆ ಅದನ್ನು ಹೇಳಲು ಅಂದು ನನಗೆ ಬಾಯಿ ಬರಲಿಲ್ಲ.

ಮಾತು ಮುಗಿದ ಮೇಲೆ ಅವಳು ಬೂಟು ಬಿಚ್ಚಿದಳು. ಬಲಗಾಲಿನ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿಕೊಂಡೇ ಇತ್ತು. “ಅವ್ವ ನಿಲ್ತಿದ್ದ ಜಾಗ ತೋರಿಸು,” ಎಂದಳು. ನಾನು ಮುಂದೆ, ಅವಳು ಹಿಂದೆ, ಬೇಲಿಯ ಬಾಗಿಲಿಗೆ ಹೋದೆವು. ಅಕ್ಕ ನಿಂತು ನಿಂತು ಅಲ್ಲಿ ಒಂದು ಮೊಳ ಅಗಲಕ್ಕೆ ಹುಲ್ಲೇ ಬೆಳೆದಿರಲಿಲ್ಲ.

“ಹೇಗೆ ಕೂಗ್ತಿದ್ಲು?”

ನನ್ನ ಧ್ವನಿ ಅಕ್ಕನದಲ್ಲ, ಒಡಕು. ಆದರೂ ಆ ಬೋಳು ನೆಲದ ಮೇಲೆ ನಿಂತು, ಕಡಲ ದಾರಿಯ ಕಡೆ ಮುಖ ಮಾಡಿ, ಎರಡೂ ಕೈ ಬಾಯಿಗೆ ಹಿಡಿದು ಕೂಗಿದೆ. “ಮಿರುಂಡೀ.” ಆಮೇಲೆ ಅಕ್ಕ ನಿಲ್ಲುತ್ತಿದ್ದಂತೆ ಸುಮ್ಮನೆ ನಿಂತೆ.

ನನ್ನ ಬೆನ್ನ ಹಿಂದಿನಿಂದ ಅವಳು “ಓ” ಅಂದಳು.